ಕರಡಿಗೆ ಬೈಯುವ ಕೆಲಸ

ಬಾಯಿ ಜೋರು ಅಂತ ಕೆಲಸ ಕಳೆದುಕೊಂಡವರು ಊರ ತುಂಬ ಸಿಗುತ್ತಾರೆ. ಬಾಯಿ ಜೋರು ಅಂತಲೇ ಕೆಲಸ ಸಿಕ್ಕಿದ್ದು ಗಯ್ಯಾಳಿಗೆ ಮಾತ್ರ. ಮೊದಲು ಅವಳು ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದಳು. ಅನಾಥ ಕಾಡುಮರಿಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡುವ ಕೇಂದ್ರದ ಡಾಕ್ಟರು ಒಂದು ದಿನ ನೀರುನಾಯಿಗಳಿಗೆಂದು ಮೀನು ಕೊಳ್ಳಲು ಬಂದಾಗ ಅವಳು ಒಬ್ಬ ದಢೂತಿ ಗಿರಾಕಿಯ ಜನ್ಮ ಜಾಲಾಡುತ್ತಿದ್ದಳು. ತಾಜಾ ಮೀನನ್ನು ಹಳಸಿದ್ದು ಅಂತ ಹೇಳಿ ಚೌಕಾಸಿ ಮಾಡಿದ್ದು ಅವನ ತಪ್ಪು. ಅವನು ಕೈಚೀಲವನ್ನು ಅಲ್ಲೇ ಬಿಟ್ಟು ಓಡಿದ್ದನ್ನು ಡಾಕ್ಟರು ಕಣ್ಣಾರೆ ಕಂಡರು. "ಇದನ್ನೇ ನಮ್ಮಲ್ಲಿ ಬಂದು ಮಾಡ್ತೀರಾ?" ಅಂತ ಕೇಳಿದರು. ಅವಳು ಮೊದಲು ಡಾಕ್ಟರಿಗೇ ಚೆನ್ನಾಗಿ ಬೈದಳು, ಆಮೇಲೆ ಒಪ್ಪಿಕೊಂಡಳು.

ಕೆಲಸ ವಿಚಿತ್ರವಾದದ್ದೇ. ಮರಿಗಳಿಗೆ ಹಾಲು, ಹಣ್ಣು, ಮೀನು ಕೊಡುವವರು ಬೇರೆ ಇದ್ದರು. ಅವರು ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಕೆಮ್ಮನ್ನೂ ಗಂಟಲಲ್ಲೇ ನುಂಗಿಕೊಂಡು, ಗೋಡೆಯ ಕಿಂಡಿಯಿಂದ ತಟ್ಟೆ ತಳ್ಳಿ ಹೋಗುತ್ತಿದ್ದರು. ಊಟ ಕೊಡುವ ಕೈ ಮನುಷ್ಯನದು ಅಂತ ಮರಿಗೆ ತಿಳಿಯಬಾರದು. ಮನುಷ್ಯ ಅಂದರೆ ಎಂಥ ಪಿಡುಗು ಅಂತ ತಿಳಿಸಿಕೊಡುವುದು ಗಯ್ಯಾಳಿಯ ಪಾಲಿಗೆ ಬಂದದ್ದು. ದಿನಕ್ಕೆ ಎರಡು ಮೂರು ಸಲ ಅವಳು ಬೇಲಿಯ ಒಳಗೆ ನುಗ್ಗಿ, ತಗಡಿನ ಡಬ್ಬ ಬಡಿದು, ಬಾಯಿಗೆ ಬಂದದ್ದು ಬೈದು, ಮಣ್ಣಿನ ಹೆಂಟೆ ಎಸೆದು, ಮರಿ ಮರ ಹತ್ತುವ ತನಕ ಅಟ್ಟಿಸಿಕೊಂಡು ಹೋಗಬೇಕು. ಬೆದರದ ಪ್ರಾಣಿ ಕಾಡಿಗೆ ಹೋದರೆ ಮೊದಲು ಸಿಕ್ಕ ಮನೆಯ ಹಿತ್ತಲಿಗೆ ಬಂದು ನಿಲ್ಲುತ್ತದೆ, ಆಮೇಲೆ ಅದನ್ನು ಕೊಲ್ಲುವುದೊಂದೇ ದಾರಿ. ಹಾಗಾಗಿ ಇದು ಜೀವ ಉಳಿಸುವ ಬೈಗುಳ. ಕೇಂದ್ರದವರು ಗಯ್ಯಾಳಿ ಅಂತ ಹೆಸರಿಟ್ಟಾಗ ಅವಳು ಬಿರುದು ಸಿಕ್ಕವಳ ಹಾಗೆ ಬೀಗಿದಳು.

ಆದರೆ ಅಲ್ಲಿದ್ದ ಒಂದು ಕರಡಿಮರಿಯ ವಿಷಯದಲ್ಲಿ ಮಾತ್ರ ಅವಳಿಗೆ ಬೈಯುವುದು ಕಷ್ಟವಾಗುತ್ತಿತ್ತು. ಅದು ಬಂದಾಗ ಒಂದು ಬೆಕ್ಕಿನಷ್ಟಿತ್ತು. ಈಗ ಎದ್ದು ನಿಂತರೆ ಅವಳ ಭುಜಕ್ಕೆ ಬರುತ್ತದೆ. ಬೈದು ಮುಗಿಸಿ ಹೊರಗೆ ಬಂದು, ಗೋಡೆಯ ಸಂದಿಯಿಂದ ಅದು ಮೆಲ್ಲಗೆ ಮರ ಇಳಿಯುವುದನ್ನು ಅವಳು ಕದ್ದು ನೋಡುತ್ತಿದ್ದಳು. ಆ ದುಂಡನೆಯ ಕಿವಿ ಮುಟ್ಟಿದರೆ ಹೇಗಿರುತ್ತದೋ ಅನ್ನಿಸುತ್ತಿತ್ತು. ಮುಟ್ಟುವುದಕ್ಕೆ ಇಲ್ಲಿ ಯಾರಿಗೂ ಅನುಮತಿ ಇಲ್ಲ, ಹೆಸರಿಡುವುದಕ್ಕೂ ಇಲ್ಲ. ಎಲ್ಲರಿಗೂ ಅದು ಬರೀ 'ಅದು'.

ಅದರ ತಾಯಿಯನ್ನು ಹೊಡೆದವನು ಅವಳ ಸ್ವಂತ ಅಣ್ಣ.

ಅಣ್ಣನ ಹತ್ತಿರ ಬೇಟೆಯ ಪರವಾನಗಿ ಇತ್ತು. ಮರಿ ಇರುವ ತಾಯಿಯನ್ನು ಹೊಡೆಯುವ ಹಾಗಿಲ್ಲ ಅನ್ನುವ ಕಾನೂನೂ ಇತ್ತು. ಮರಿ ಮರದ ಮೇಲಿತ್ತು, ನನಗೆ ಕಾಣಲಿಲ್ಲ ಅಂದ. ಗೋಣಿಚೀಲದಲ್ಲಿ ಅದನ್ನು ತಂದು ಕೇಂದ್ರದ ಬಾಗಿಲಲ್ಲಿ ಇಳಿಸಿದವನೂ ಅವನೇ. ಒಂದು ಹಂಗಾಮು ಅವನ ಬಂದೂಕನ್ನು ಅರಣ್ಯ ಇಲಾಖೆಯವರು ಕಿತ್ತಿಟ್ಟುಕೊಂಡರು, ಆಮೇಲೆ ವಾಪಸು ಕೊಟ್ಟರು. ಗಯ್ಯಾಳಿ ಮಾತ್ರ ಏನನ್ನೂ ವಾಪಸು ಕೊಡಲಿಲ್ಲ. ಅಣ್ಣನ ಮನೆಯ ಹೊಸ್ತಿಲು ತುಳಿಯುವುದನ್ನು ನಿಲ್ಲಿಸಿದಳು. ಅತ್ತಿಗೆ ಫೋನು ಮಾಡಿದರೆ ಅತ್ತಿಗೆಯ ಆರೋಗ್ಯ, ಅತ್ತಿಗೆಯ ಮಂಡಿನೋವು ಎಲ್ಲ ವಿಚಾರಿಸಿ, ಅಣ್ಣ ಅನ್ನುವವನೊಬ್ಬ ಹುಟ್ಟಿಯೇ ಇಲ್ಲವೆಂಬಂತೆ ಫೋನು ಇಡುತ್ತಿದ್ದಳು.

ಈಗ ಕರಡಿಗೆ ಪರೀಕ್ಷೆಯ ಕಾಲ. ಸೋಮವಾರ ಇಲಾಖೆಯ ಅಧಿಕಾರಿ ಬಂದು ಬೇಲಿಯೊಳಗೆ ನಿಲ್ಲುತ್ತಾನೆ. ಕರಡಿ ಓಡಿಹೋದರೆ ಕಾಡು. ಹತ್ತಿರ ಬಂದರೆ ಪ್ರದರ್ಶನದ ಪಂಜರ, ಅದೂ ಸಾಯುವ ತನಕ. ಆ ಪಂಜರಗಳನ್ನು ಗಯ್ಯಾಳಿ ನೋಡಿದ್ದಳು. ಸಿಮೆಂಟಿನ ನೆಲ, ಒಂದು ಟೈರು, ಕಂಬಿಯಾಚೆ ಹಲ್ಲು ಕಿಸಿಯುವ ಜನ. ಅಲ್ಲಿದ್ದ ಒಂದು ಮುದಿ ಕರಡಿ ದಿನವಿಡೀ ತಲೆಯನ್ನು ಅತ್ತಿತ್ತ ತೂಗುತ್ತಲೇ ಇರುತ್ತಿತ್ತು.

"ಒಂದು ಸಲ ನಾವೇ ಪರೀಕ್ಷೆ ಮಾಡಿ ನೋಡೋಣ. ಈ ಒಂದು ವರ್ಷದಲ್ಲಿ ಅದು ಕಂಡಿರದ ಮನುಷ್ಯ ಬೇಕು. ಕಾಡು ಗೊತ್ತಿರೋನಾದ್ರೆ ಒಳ್ಳೇದು. ನಿಮ್ಮಣ್ಣನ್ನ ಕರೀರಿ" ಅಂದರು ಡಾಕ್ಟರು.

"ಅವನ್ಯಾಕೆ? ಯಮನನ್ನೇ ಕರೆದುಬಿಡಿ, ದಾರಿ ಖರ್ಚು ಉಳಿಯುತ್ತೆ."

"ಬೇರೆ ಯಾರಿದ್ದಾರೆ ಹೇಳಿ. ನನ್ನನ್ನ ಕಂಡ್ರೆ ಅದು ಆಗಲೇ ಮರದ ತುದೀಲಿರುತ್ತೆ."

ಅದು ನಿಜ, ಡಾಕ್ಟರ ಸೂಜಿಯ ಕೃಪೆ. ಗಯ್ಯಾಳಿ ಹಲ್ಲು ಕಡಿಯುತ್ತ ಅತ್ತಿಗೆಗೆ ಫೋನು ಮಾಡಿದಳು. "ಅವನಿಗೆ ಹೇಳಿ, ಕೇಂದ್ರದವರು ಕರೀತಿದ್ದಾರೆ, ನಾನಲ್ಲ" ಅಂದಳು.

ಶನಿವಾರ ಮಧ್ಯಾಹ್ನ ಅಣ್ಣ ಬಂದ. ಅದೇ ಹಳೇ ದಪ್ಪ ಕೋಟು, ಹೊಗೆಸೊಪ್ಪಿನ ವಾಸನೆ, ಯಾರಿಗೂ ಲೆಕ್ಕ ಕೊಡಬೇಕಿಲ್ಲ ಅನ್ನುವ ನಡಿಗೆ. ತಂಗಿಯನ್ನು ನೋಡಿ, "ಇಳಿದುಹೋಗಿದ್ದೀಯ" ಅಂದ.

"ನಿನ್ನನ್ನ ನೆನೆಸಿಕೊಂಡ್ರೆ ಊಟ ಸೇರಲ್ಲ" ಅಂದಳು.

ಡಾಕ್ಟರು ಇಬ್ಬರ ನಡುವೆ ನುಸುಳಿಕೊಂಡು ಅವನನ್ನು ಬೇಲಿಯ ಬಾಗಿಲಿಗೆ ಕರೆದೊಯ್ದರು. "ಏನು ಮಾಡ್ಬೇಕು?" ಅಂತ ಅವನು ಕೇಳಿದ. "ನೀವು ಕಾಡಲ್ಲಿ ಏನು ಮಾಡ್ತೀರೋ ಅದೇ, ಬಂದೂಕು ಒಂದಿಲ್ಲ ಅನ್ನೋದು ಬಿಟ್ರೆ" ಅಂದರು. ಗಯ್ಯಾಳಿ ಮತ್ತು ಡಾಕ್ಟರು ಗೋಡೆಯ ಹಿಂದೆ ನಿಂತು ಸಂದಿಗೆ ಕಣ್ಣಿಟ್ಟರು. ಓಡುತ್ತೆ ನೋಡು, ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡುತ್ತೆ ಅನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅವಳ ಗಂಟಲಿನ ಒಂದು ವರ್ಷದ ದುಡಿಮೆ ಅಲ್ಲಿತ್ತು.

ಅಣ್ಣ ಒಳಗೆ ಹೋಗಿ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಕೂತ. ಕೈ ಎರಡೂ ಮಂಡಿಯ ಮೇಲೆ. ಕೆಮ್ಮಲಿಲ್ಲ, ಕಾಲು ಅಲ್ಲಾಡಿಸಲಿಲ್ಲ. ಪೊದೆಯ ಹಿಂದಿನಿಂದ ಕರಡಿ ಮೂತಿ ಹೊರಗೆ ಹಾಕಿತು. ಗಾಳಿ ಮೂಸಿತು. ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ತನ್ನ ಪಾಡಿಗೆ ತಾನು, ಪಕ್ಕದ ಮನೆಗೆ ಹರಟೆಗೆ ಬಂದವರ ಹಾಗೆ, ಅವನತ್ತ ನಡೆದು ಬಂತು. ಬೂಟು ಮೂಸಿತು. ಮುಂಗಾಲೊಂದನ್ನು ಅವನ ತೊಡೆಯ ಮೇಲಿಟ್ಟು ಮಣಿಕಟ್ಟು ನೆಕ್ಕಿತು. ನೆಕ್ಕುತ್ತ ಗಂಟಲಲ್ಲಿ ಗುಂಯ್ ಅಂತ ಒಂದು ಸದ್ದು ತೆಗೆಯಿತು. ಹಾಲು ಕುಡಿಯುವಾಗ ಕರಡಿಮರಿಗಳು ಮಾಡುವ ಸದ್ದು ಅದು. ಗಯ್ಯಾಳಿ ಅದನ್ನು ಇಷ್ಟು ದಿನ ಗೋಡೆಯ ಈಚೆಯಿಂದ ಮಾತ್ರ ಕೇಳಿದ್ದಳು.

ಅವಳಿಗೆ ಹೊಟ್ಟೆಕಿಚ್ಚಾಯಿತು. ತಾಯಿಯನ್ನು ಕೊಂದವನ ಕೈ ನೆಕ್ಕುತ್ತಿದೆ ಮುಟ್ಠಾಳ ಪ್ರಾಣಿ.

ಅಣ್ಣ ಮೆಲ್ಲಗೆ ಎದ್ದು ಹೊರಗೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಬಾಗಿಲ ಚಿಲಕ ಹಾಕಿದ ಮೇಲೆಯೇ ಬಾಯಿ ಬಿಟ್ಟ.

"ಒಂದು ವರ್ಷ ಏನು ಕಲಿಸಿದೆ ನೀನು ಅದಕ್ಕೆ?"

"ಮನುಷ್ಯನ ಭಯ ಕಲಿಸಿದೆ. ನೀನು ಕೊಂದ ತಾಯಿಯ ಕೆಲಸ ನಾನು ಮಾಡಿದೆ."

"ಮನುಷ್ಯನ ಭಯ ಅಲ್ಲ ಕಣೇ, ಗಲಾಟೆಯ ಭಯ. ಕಿಂಡಿಯಾಚೆ ಇರೋ ಮನುಷ್ಯನ ವಾಸನೆ ಅದಕ್ಕೆ ಬರಲ್ವಾ? ಬೊಬ್ಬೆ ಹೊಡೆಯೋನು ಕೆಟ್ಟೋನು, ಸುಮ್ಮನಿರೋನು ಊಟ ಕೊಡೋನು. ಇದು ತಾನೇ ಅದಕ್ಕೆ ಗೊತ್ತಿರೋದು? ಕಾಡಲ್ಲಿ ನಾವು ಯಾವತ್ತಾದ್ರೂ ಡಬ್ಬ ಬಡ್ಕೊಂಡು ಹೋಗ್ತೀವಾ?"

ಜೀವಮಾನದಲ್ಲಿ ಗಯ್ಯಾಳಿಯ ಬಾಯಿ ಕಟ್ಟಿದ್ದು ಅದೇ ಮೊದಲು. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು ನಿಂತರು. ಬಟ್ಟೆ ಸುತ್ತಿಕೊಂಡು ಮೂಕರ ಹಾಗೆ ಊಟ ಕೊಡುವ ಪದ್ಧತಿ ಅವರದೇ. ಬೈಯುವವಳನ್ನು ಹುಡುಕಿ ತಂದವರೂ ಅವರೇ. ಎರಡೂ ಬೇರೆ ಬೇರೆಯಾಗಿ ಸರಿಯಿದ್ದವು, ಜೊತೆಗೆ ಸೇರಿ ಅನಾಹುತ ಮಾಡಿದ್ದವು.

ಕೊನೆಗೆ ಡಾಕ್ಟರು ಆಫೀಸಿನ ಬೀರುವಿನಿಂದ ಒಂದು ಕರೆಂಟಿನ ಕೋಲು ತಂದರು. ಬ್ಯಾಟರಿ ಹಾಕಿದ, ಮೊಳದುದ್ದದ ಕೋಲು. ದೊಡ್ಡ ಪ್ರಾಣಿ ಮೈಮೇಲೆ ಬಿದ್ದರೆ ಇರಲಿ ಅಂತ ಇಟ್ಟದ್ದು. "ಗಾಯ ಆಗಲ್ಲ. ಆದ್ರೆ ನೋವು ಜೋರಾಗಿರುತ್ತೆ. ನೀವು ಮತ್ತೆ ಹೋಗಿ ಹಾಗೇ ಕೂತ್ಕೊಳ್ಳಿ. ಅದು ಬಂದಾಗ ಮುಟ್ಟಿಸಿ. ಬೇರೆ ದಾರಿ ಇಲ್ಲ, ಸೋಮವಾರಕ್ಕೆ ಇನ್ನೆಲ್ಲಿ ಸಮಯ?" ಅಂತ ಅಣ್ಣನಿಗೆ ಕೊಡಲು ಹೋದರು.

ಅಣ್ಣ ಕೈ ಹಿಂದಕ್ಕೆ ಎಳೆದುಕೊಂಡ. "ನನ್ನ ಕೈಲಾಗಲ್ಲ."

"ಕೈಲಾಗಲ್ವಾ?" ಗಯ್ಯಾಳಿಗೆ ಬಾಯಿ ಮರಳಿ ಬಂತು. "ಗುಂಡು ಹಾರಿಸೋಕೆ ಆಗುತ್ತೆ, ಇದಕ್ಕೆ ಆಗಲ್ವಾ?"

"ನಾನು ಹೊಡೆದ್ರೆ ಸಾಯ್ಬೇಕು. ನೋಯಿಸಿ ಬಿಡೋದು ನಮ್ಮಲ್ಲಿ ಹೇಸಿಗೆ ಕೆಲಸ. ಅದಕ್ಕಿಂತ ಹೆಚ್ಚಾಗಿ, ನಂಬಿ ಬಂದದ್ದರ ಮೇಲೆ ನಾನು ಕೈ ಎತ್ತಲ್ಲ. ಇವತ್ತಿನ ತನಕ ಎತ್ತಿಲ್ಲ."

"ಅಂದ್ರೆ ಅದರ ತಾಯಿ ನಿನ್ನನ್ನ ನಂಬ್ಲಿಲ್ಲ ಅಂತ ಹೊಡೆದೆ?"

"ಅದು ಕಾಡುಪ್ರಾಣಿ. ಓಡೋಕೆ ಅದಕ್ಕೆ ಕಾಲಿತ್ತು, ಮೂಸೋಕೆ ಮೂಗಿತ್ತು. ನಾನು ನಾಲ್ಕು ದಿನ ಹಿಂದೆ ಬಿದ್ದಿದ್ದೆ. ನಿನಗೆ ಇದು ಅರ್ಥ ಆಗಲ್ಲ."

"ಅರ್ಥ ಆಗದೇ ಏನು? ನಿನ್ನ ನೀತಿ ಎಲ್ಲ ನಿನ್ನ ಕೈ ತೊಳ್ಕೊಳ್ಳೋಕೆ ಇರೋದು. ಕರಡಿ ಬದುಕೋಕಲ್ಲ."

"ನೀನು ಸಂಬಳ ತಗೊಂಡು ದ್ವೇಷ ಮಾಡೋಳು. ನನಗೆ ನೀತಿ ಹೇಳಬೇಡ."

ಡಾಕ್ಟರು "ಸಾಕು, ಸಾಕು" ಅಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಒಡಹುಟ್ಟಿದವರಿಗೆ ಮಾತ್ರ ಗೊತ್ತಿರುವ ಜಾಗಗಳಿರುತ್ತವೆ, ಅಲ್ಲಿಗೇ ಹುಡುಕಿ ಚುಚ್ಚಿದರು ಇಬ್ಬರೂ. ಅಪ್ಪ ಸತ್ತಾಗ ನೀನೆಲ್ಲಿದ್ದೆ ಅಂತ ಇವಳು ಕೇಳಿದಳು. ಗಂಡ ಯಾಕೆ ಬಿಟ್ಟು ಹೋದ ಅಂತ ಅವನು ಕೇಳಿದ. ಅದಾದ ಮೇಲೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ.

ಗಯ್ಯಾಳಿ ಡಾಕ್ಟರ ಕೈಯಿಂದ ಕೋಲು ತೆಗೆದುಕೊಂಡಳು. ಅಣ್ಣನತ್ತ ತಿರುಗಿ, "ನಿನ್ನ ಕೋಟು ಬಿಚ್ಚು" ಅಂದಳು.

"ಯಾಕೆ?"

"ನನ್ನ ವಾಸನೆ ಬಂದ್ರೆ ಅದು ಬರಲ್ಲ. ನಿನ್ನ ವಾಸನೆಗೆ ಬರುತ್ತೆ. ಬಿಚ್ಚು."

ಅವನು ಬಿಚ್ಚಿ ಕೊಟ್ಟ. ಕೋಟಿನಲ್ಲಿ ಹೊಗೆಸೊಪ್ಪು, ನಾಯಿ, ಬಂದೂಕಿನ ಎಣ್ಣೆ, ಎಲ್ಲದರ ವಾಸನೆ ಇತ್ತು. ಅವಳು ತಲೆಗೂದಲನ್ನು ಕಾಲರಿನೊಳಗೆ ಸೇರಿಸಿ, ಅವನ ಟೊಪ್ಪಿಯನ್ನೂ ಇಸಿದುಕೊಂಡು, ತೋಳಿನೊಳಗೆ ಕೋಲು ಅಡಗಿಸಿ ಬೇಲಿಯೊಳಗೆ ಹೋದಳು.

ದಿಮ್ಮಿಯ ಮೇಲೆ ಕೂತು ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಬಹಳ ಕಷ್ಟವಾಯಿತು. ಓಡು ಅಂತ ಕೂಗಬೇಕೆನಿಸಿತು. ಕೂಗಿದರೆ ಅದು ಓಡುತ್ತಿತ್ತು, ಆದರೆ ಸೋಮವಾರ ಸುಮ್ಮನೆ ನಿಂತ ಅಧಿಕಾರಿಯ ಕೈ ನೆಕ್ಕುತ್ತಿತ್ತು, ಆಮೇಲೆ ಟೈರಿನ ಪಕ್ಕ ನಿಂತು ತಲೆ ತೂಗುತ್ತಿತ್ತು. ಅವಳು ತುಟಿ ಕಚ್ಚಿಕೊಂಡಳು.

ಕರಡಿ ಬಂತು. ಈ ಸಲ ತಡವನ್ನೂ ಮಾಡಲಿಲ್ಲ. ಕೋಟಿನ ಗುರುತು ಸಿಕ್ಕಿತ್ತು. ಮಂಡಿಯ ಮೇಲೆ ಮೂತಿ ಇಟ್ಟು ಬಿಸಿಯಾಗಿ ಉಸಿರುಬಿಟ್ಟಿತು. ಗುಂಯ್ ಅನ್ನುವ ಸದ್ದು ಅವಳ ಮೂಳೆಗೇ ಇಳಿಯಿತು. ಎಡಗೈ ತಾನಾಗಿ ಎದ್ದು ಅದರ ಕಿವಿ ಮುಟ್ಟಿತು. ಹೊರಗೆ ಒರಟು, ಒಳಗೆ ಮೆತ್ತಗೆ. ಒಂದು ವರ್ಷದಿಂದ ಬೇಕಾಗಿದ್ದದ್ದು ಇಷ್ಟೇ. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಅಂತ ಅವಳು ಹಾಗೆಯೇ ಕೂತಳು. ಆಮೇಲೆ ಬಲಗೈಯ ಕೋಲನ್ನು ಅದರ ಭುಜಕ್ಕೆ ಒತ್ತಿದಳು.

ಕರಡಿ ಕಿರುಚಿ ಎಗರಿತು. ಎಗರಿ, ಓಡಬೇಕಾದದ್ದು ಓಡಲಿಲ್ಲ. ಯಾವುದೋ ಕೇಡು ಎಲ್ಲಿಂದಲೋ ಬಂದು ತನ್ನನ್ನು ಕಚ್ಚಿತು ಅಂದುಕೊಂಡು ಅವಳ ತೊಡೆಗಳ ನಡುವೆ ಮುಖ ಹುದುಗಿಸಿ, ಮೈಯೆಲ್ಲ ನಡುಗುತ್ತ, ಅವಳಿಗೇ ಅಂಟಿಕೊಂಡಿತು. ತಾಯಿಯ ಹೊಟ್ಟೆಯಡಿ ಸೇರುವ ಹಾಗೆ.

ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹೊಡೆದರೆ ಓಡುತ್ತದೆ ಅಂತಲೇ ಡಾಕ್ಟರೂ ನಂಬಿದ್ದರು. ಗೋಡೆಯ ಹಿಂದಿನಿಂದ "ಹೊರಗೆ ಬನ್ನಿ" ಅನ್ನುವ ಅವರ ದನಿ ಕೇಳಿಸಿತು. ಅವಳು ಹೋಗಲಿಲ್ಲ. ಈಗ ಎದ್ದು ಹೋದರೆ ಅದಕ್ಕೆ ಇದೇ ಪಾಠವಾಗುತ್ತದೆ, ನೋವಾದಾಗ ಮನುಷ್ಯನ ಮಡಿಲು ಸೇರು ಅನ್ನುವ ಪಾಠ. ಅವಳು ಅದರ ಕತ್ತಿನ ಕೂದಲು ಹಿಡಿದು ಮುಖ ಮೇಲಕ್ಕೆತ್ತಿದಳು. ಕೋಲನ್ನು ತೋಳಿನಿಂದ ಪೂರ್ತಿ ಹೊರಗೆ ತೆಗೆದು ಅದರ ಕಣ್ಣೆದುರು ಹಿಡಿದಳು. ಟೊಪ್ಪಿಯನ್ನೂ ಕಿತ್ತೆಸೆದಳು. ಯಾರು ಮಾಡುತ್ತಿದ್ದಾರೆ ಅನ್ನುವುದು ತಿಳಿಯಲಿ. ಅದು ಕೋಲು ನೋಡಿತು, ಕೈ ನೋಡಿತು, ಅವಳ ಮುಖ ನೋಡಿತು. ಅವಳು ಒಂದೂ ಮಾತಾಡದೆ ಅದರ ಮೂತಿಯ ಮೇಲೆ ಕೋಲು ಒತ್ತಿದಳು, ಅದು ಹಿಂದಕ್ಕೆ ಬಿದ್ದಾಗ ಮತ್ತೊಮ್ಮೆ ಒತ್ತಿದಳು.

ಆಗ ಓಡಿತು. ಬೇಲಿಯ ಕೊನೆಯ ಮರದ ತುದಿಗೆ ಹತ್ತಿ, ಸಂಜೆಯ ತನಕ ಅಲ್ಲಿಂದ ಮಗುವಿನ ಹಾಗೆ ಅತ್ತಿತು. ಗಯ್ಯಾಳಿ ಹೊರಗೆ ಬಂದು ಕೋಟನ್ನು ಅಣ್ಣನ ಎದೆಗೆ ಎಸೆದಳು. ಅವನು ಬೇಲಿಗೆ ಬೆನ್ನು ಹಾಕಿ ನಿಂತಿದ್ದ. ಅವನು ಏನನ್ನೂ ನೋಡಿರಲಿಲ್ಲ.

"ನಾಲ್ಕು ದಿನ ಹಿಂದೆ ಬೀಳೋ ಧೈರ್ಯಸ್ಥ" ಅಂದಳು. "ಮುಖ ತಿರುಗಿಸಿಕೊಂಡು ನಿಂತಿದ್ದೀಯ."

ಅವನು ಕೋಟು ಹೆಗಲ ಮೇಲೆ ಹಾಕಿಕೊಂಡು ಗಾಡಿ ಹತ್ತಿ ಹೋದ.

ಸೋಮವಾರ ಅಧಿಕಾರಿ ಬಂದ. ಹೊಟ್ಟೆ ಮುಂದೆ ಮಾಡಿಕೊಂಡ, ಸಂಭಾವಿತ ಮನುಷ್ಯ. ಒಳಗೆ ಹೋಗಿ, ನಿಯಮದಲ್ಲಿ ಬರೆದಿರುವ ಹಾಗೆ, ಕೈಕಟ್ಟಿ ಸುಮ್ಮನೆ ನಿಂತ. ಗಯ್ಯಾಳಿ ಸಂದಿಯ ಹತ್ತಿರ ಹೋಗಲಾರದೆ ಆಫೀಸಿನ ಬಾಗಿಲಲ್ಲೇ ನಿಂತಿದ್ದಳು. ಪೊದೆ ಅಲ್ಲಾಡಿದ್ದು, ಕೊಂಬೆ ಮುರಿದದ್ದು, ತೊಗಟೆ ಕೆರೆಯುವ ಉಗುರಿನ ಸದ್ದು ಎಲ್ಲ ಅಲ್ಲಿಗೇ ಕೇಳಿಸಿತು. ಕರಡಿ ಅವನನ್ನು ಕಂಡದ್ದೇ ತಡ ಮರದ ತುದಿ ಸೇರಿ, ಅವನು ಹೋಗುವ ತನಕ ಇಳಿಯಲಿಲ್ಲ. "ಶಭಾಷ್, ಇಂಥ ಕಾಡುಕರಡಿಯನ್ನ ನಾನು ಸಾಕಿದ ಜಾಗದಲ್ಲಿ ಕಂಡೇ ಇಲ್ಲ" ಅಂತ ಅಧಿಕಾರಿ ಸಹಿ ಹಾಕಿದ. ಡಾಕ್ಟರಿಗೆ ಹಿಡಿಸಲಾರದಷ್ಟು ಖುಷಿ. ಎಲ್ಲರ ಕೈ ಕುಲುಕಿ, ಗಯ್ಯಾಳಿಯ ಕೈ ಕುಲುಕಲು ಬಂದಾಗ ಅವಳು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಶನಿವಾರದಿಂದ ಅವಳು ಆ ಮರದ ಕಡೆ ಹೋಗಿರಲಿಲ್ಲ. ಹೋಗುವ ಅಗತ್ಯವೂ ಇರಲಿಲ್ಲ, ಅವಳ ಕೆಲಸ ಮುಗಿದಿತ್ತು.

ಸಂಜೆ ಮನೆಗೆ ಹೊರಟಾಗ ಗೇಟಿನ ಹತ್ತಿರ ಅಣ್ಣನ ಗಾಡಿ ನಿಂತಿತ್ತು. ಅವನು ಕಿಟಕಿ ಇಳಿಸಿ, "ಏನಾಯ್ತು?" ಅಂತ ಕೇಳಿದ.

"ಓಡಿತು."

"ಎಲ್ಲಿಗೆ ಬಿಡ್ತಾರೆ?"

"ಹುಟ್ಟಿದ ಜಾಗಕ್ಕೆ. ನಿನ್ನ ಗುಡ್ಡಕ್ಕೇ." ಆ ಗುಡ್ಡದ ಪರವಾನಗಿ ಅವನದು ಅನ್ನುವುದು ಅವಳಿಗೆ ಗೊತ್ತಿತ್ತು. ಕೇಂದ್ರದವರಿಗೂ ಗೊತ್ತಿತ್ತು, ಆದರೆ ಹುಟ್ಟಿದ ಜಾಗದಲ್ಲೇ ಬಿಡಬೇಕು ಅಂತ ನಿಯಮವಿತ್ತು. ಮುಂದಿನ ತಿಂಗಳು ಬೇಟೆಯ ಹಂಗಾಮು.

ಅವಳು ಹೊರಟುಹೋಗಬಹುದಿತ್ತು. ಹೋಗದೆ ಕೇಳಿದಳು. "ಅದು ನಿನ್ನ ಹತ್ತಿರ ಬಂದ್ರೆ ಹೊಡೀತೀಯಾ?"

"ಬಂದ್ರೆ ಹೊಡೆಯಲ್ಲ. ಹೇಳಿದೀನಲ್ಲ, ನಂಬಿ ಬಂದದ್ದರ ಮೇಲೆ ಕೈ ಎತ್ತಲ್ಲ."

"ಓಡಿದ್ರೆ?"

ಅಣ್ಣ ಅವಳ ಮುಖ ನೋಡಲಿಲ್ಲ. ಗಾಜಿನಾಚೆ ರಸ್ತೆ ನೋಡಿದ. "ಓಡಿದ್ರೆ ಅದು ಕಾಡುಪ್ರಾಣಿ" ಅಂದ. "ಯಾವುದು ಎಲ್ಲಿಂದ ಬಂತು ಅಂತ ಗುಡ್ಡದಲ್ಲಿ ಗುರುತು ಸಿಗಲ್ಲ. ಎಲ್ಲ ಒಂದೇ ಥರ ಓಡ್ತವೆ."

ಗಯ್ಯಾಳಿಗೆ ಆಗ ಹೊಳೆಯಿತು. ಈ ಭೂಮಿಯ ಮೇಲೆ ಆ ಕರಡಿಗೆ ಏನೂ ಮಾಡದೆ ಬಿಡುತ್ತಿದ್ದ ಬೇಟೆಗಾರ ಇವನೊಬ್ಬನಿದ್ದ. ಅವನಿಗೂ ಅದು ಬೇಟೆಯಾಗುವ ಹಾಗೆ ಶನಿವಾರ ಅವಳೇ ಮಾಡಿದ್ದಳು. ಮಾಡದಿದ್ದರೆ ಪಂಜರ. ಅವಳಿಗೆ ಅಣ್ಣನ ಮೇಲೆ ಒಂದು ವರ್ಷದಿಂದ ಇದ್ದ ಸಿಟ್ಟು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ತನ್ನ ಮೇಲೂ ಅಷ್ಟೇ ಸಿಟ್ಟು ಬಂದು ಅದರ ಪಕ್ಕ ಕೂತಿತು. ಅವಳು ಕಿಟಕಿಯ ಚೌಕಟ್ಟು ಹಿಡಿದು ಬಗ್ಗಿದಳು.

"ಹುಡುಕು" ಅಂದಳು. "ನಾಲ್ಕು ದಿನ ಅಲ್ಲ, ನಾಲ್ಕು ವರ್ಷ ಹಿಂದೆ ಬೀಳು. ನಿನ್ನ ಕೋಟಿನ ವಾಸನೆ ಗಾಳೀಲಿ ಬಂದ್ರೆ ಸಾಕು, ಅದು ಆ ಗುಡ್ಡ ಬಿಟ್ಟು ಇನ್ನೊಂದು ಗುಡ್ಡದಲ್ಲಿರುತ್ತೆ. ಅದರ ಅವ್ವ ಕಲಿಸೋಕಾಗದ್ದನ್ನ ನಾನು ಕಲಿಸಿದೀನಿ. ಸಿಗಲ್ಲ ಅದು ನಿನಗೆ."

ಅವಳ ದನಿ ಏರಲಿಲ್ಲ. ಅಣ್ಣ ಆಗ ಅವಳ ಮುಖ ನೋಡಿ, ಸ್ವಲ್ಪ ಹಿಂದಕ್ಕೆ ಸರಿದು ಕೂತ.

ಅವನು ಗಾಡಿ ತಿರುಗಿಸಿಕೊಂಡು ಹೋದ ಮೇಲೆ ಅವಳು ಗೇಟಿನ ಕಂಬಕ್ಕೆ ಒರಗಿ ನಿಂತು, ಬಾಯಿಗೆ ಸೆರಗು ತುರುಕಿಕೊಂಡು, ಬೇಲಿಯೊಳಗಿನ ಕರಡಿಗೆ ಕೇಳಿಸದ ಹಾಗೆ ಅತ್ತಳು.